ಕೋಳಿಮನೆಯ ಬೆಳಕಿನ ಲೆಕ್ಕ: ಹಗಲಿನ ಉದ್ದ, ಹಾರ್ಮೋನು ಮತ್ತು ಮೊಟ್ಟೆ

ದೀಪಾವಳಿ ಕಳೆದು ಚಳಿ ಕಾಲಿಡುವ ಹೊತ್ತಿಗೆ ಹಿತ್ತಲಿನ ಕೋಳಿಗಳು ಮೊಟ್ಟೆ ಕಡಿಮೆ ಮಾಡುತ್ತವೆ. ಸಾಕಿದವರು ಮೊದಲು ಫೀಡ್ ಅಂಗಡಿಯವನನ್ನು ದೂರುತ್ತಾರೆ, ಆಮೇಲೆ ಚಳಿಯನ್ನು, ಕೊನೆಗೆ ಕೋಳಿಯ ತಳಿಯನ್ನು. ಮೂರರಲ್ಲೂ ಅಷ್ಟಿಷ್ಟು ನಿಜವಿರಬಹುದು. ಆದರೆ ಅವೆಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಗಡಿಯಾರವನ್ನು, ಏಕೆಂದರೆ ಕೋಳಿಯ ಅಂಡಾಶಯವನ್ನು ಎಬ್ಬಿಸುವುದೂ ಮಲಗಿಸುವುದೂ ಹಗಲಿನ ಉದ್ದ. ನಮ್ಮ ಸೀಮೆಯಲ್ಲಿ ಹಗಲು ವರ್ಷವಿಡೀ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ, ಹಾಗಾಗಿ ಬೆಳಕಿನ ಲೆಕ್ಕ ಯುರೋಪಿನವರಿಗಷ್ಟೇ ಬೇಕು ಎಂಬ ಮಾತನ್ನು ನಾನೂ ಬಹಳ ಕಾಲ ನಂಬಿದ್ದೆ. ಇನ್ನೂರು ಕೋಳಿಗಳ ಒಂದು ಶೆಡ್ಡನ್ನು ಕೆಲವು ವರ್ಷ ನಡೆಸಿದ ಮೇಲೆ ಆ ನಂಬಿಕೆ ಹೋಯಿತು.

ಐವತ್ತರಿಂದ ಐನೂರರವರೆಗೆ ಮೊಟ್ಟೆಕೋಳಿಗಳನ್ನು ತೆರೆದ ಶೆಡ್ಡಿನಲ್ಲಿ, ಎಂದರೆ ಪಕ್ಕದ ಗೋಡೆಯ ಜಾಗದಲ್ಲಿ ಜಾಲರಿ ಇರುವ ಮನೆಯಲ್ಲಿ, ಸಾಕುವವರಿಗಾಗಿ ಈ ಬರಹ. ಮೊಟ್ಟೆಗೆಂದೇ ಸಾಕುವ ಲೇಯರ್ ತಳಿಗಳಿಗೂ, ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರಾ ಕೋಳಿಗಳಿಗೂ ಕ್ರಮ ಒಂದೇ. ನಾಟಿ ಕೋಳಿಯ ವಿಷಯ ಸ್ವಲ್ಪ ಬೇರೆ. ಅದು ಮುಂದೆ ಬರುತ್ತದೆ.

ಮೊದಲ ಕೆಲಸ: ನಿಮ್ಮ ಊರಿನ ಹಗಲನ್ನು ಬರೆದಿಡಿ

ಒಂದು ನೋಟ್‌ಬುಕ್ಕಿನಲ್ಲಿ ತಿಂಗಳಿಗೆ ಎರಡು ಸಾಲಿನಂತೆ ಸೂರ್ಯೋದಯ, ಸೂರ್ಯಾಸ್ತದ ಹೊತ್ತನ್ನು ಬರೆದುಕೊಳ್ಳಿ. ಪಂಚಾಂಗದಲ್ಲಿ ಇದು ಸಿಗುತ್ತದೆ, ಆದರೆ ಯಾವ ಊರಿಗೆ ಗಣಿಸಿದ್ದು ಎಂಬುದನ್ನು ನೋಡಿಕೊಳ್ಳಬೇಕು. ಮೊಬೈಲಿನ ಹವಾಮಾನದ ಪುಟದಲ್ಲಿ ನಿಮ್ಮ ಊರಿನದೇ ಹೊತ್ತು ಸಿಗುತ್ತದೆ. ಬೆಂಗಳೂರಿನಲ್ಲಿ ಜೂನ್ 21ರ ಹಗಲು ಸುಮಾರು 12 ಗಂಟೆ 53 ನಿಮಿಷ, ಡಿಸೆಂಬರ್ 21ರ ಹಗಲು ಸುಮಾರು 11 ಗಂಟೆ 22 ನಿಮಿಷ. ವ್ಯತ್ಯಾಸ ಒಂದೂವರೆ ಗಂಟೆ. ಬೀದರಿನಲ್ಲಿ ಇದೇ ವ್ಯತ್ಯಾಸ ಎರಡು ಗಂಟೆಯನ್ನು ಸ್ವಲ್ಪ ಮೀರುತ್ತದೆ. ಹಗಲು ಅತಿ ವೇಗವಾಗಿ ಬದಲಾಗುವುದು ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ. ಆಗ ಬೆಂಗಳೂರಿನಲ್ಲಿ ದಿನಕ್ಕೆ ಮುಕ್ಕಾಲು ನಿಮಿಷದಂತೆ, ವಾರಕ್ಕೆ ಐದು ನಿಮಿಷದಷ್ಟು ಏರುಪೇರಾಗುತ್ತದೆ.

ಬರೆದಿಡುವಾಗ ಒಂದು ವಿಚಿತ್ರ ನಿಮ್ಮ ಕಣ್ಣಿಗೆ ಬೀಳುತ್ತದೆ. ಸಂಕ್ರಾಂತಿಯಿಂದ ಹಗಲು ಬೆಳೆಯುತ್ತದೆ ಎಂದು ನಾವು ಹೇಳುತ್ತೇವೆ, ಆದರೆ ಹಗಲು ಬೆಳೆಯಲು ತೊಡಗುವುದು ಅದಕ್ಕೂ ಮೂರು ವಾರ ಮೊದಲು. ಅಷ್ಟೇ ಅಲ್ಲ, ಬೆಂಗಳೂರಿನಲ್ಲಿ ಸೂರ್ಯ ಅತಿ ಬೇಗ ಮುಳುಗುವುದು ನವೆಂಬರಿನ ಮೂರನೆಯ, ನಾಲ್ಕನೆಯ ವಾರದಲ್ಲಿ, ಸಂಜೆ 5:50ರ ಸುಮಾರಿಗೆ. ಅತಿ ತಡವಾಗಿ ಹುಟ್ಟುವುದು ಜನವರಿಯ ಕೊನೆಯಲ್ಲಿ, ಬೆಳಿಗ್ಗೆ 6:46ರ ಸುಮಾರಿಗೆ. ಸಂಜೆಯನ್ನಷ್ಟೇ ನೋಡಿ ಹಗಲು ಬೆಳೆಯಿತೆಂದು ಲೆಕ್ಕ ಹಾಕಿದರೆ ತಪ್ಪುತ್ತದೆ. ಎರಡೂ ತುದಿಯನ್ನು ಬರೆಯಲೇಬೇಕು.

ಇನ್ನೊಂದು ತಿದ್ದುಪಡಿಯೂ ಬೇಕು. ಸೂರ್ಯ ಕಾಣುವ ಮುಂಚಿನ ನಸುಬೆಳಕೂ ಮುಳುಗಿದ ನಂತರದ ಮಬ್ಬುಬೆಳಕೂ ಕೋಳಿಯ ಲೆಕ್ಕಕ್ಕೆ ಸೇರುತ್ತವೆ. ನಮ್ಮ ಕಡೆ ಒಂದೊಂದು ತುದಿಗೆ 20 ನಿಮಿಷ ಸೇರಿಸಿಕೊಂಡರೆ ಸಾಕು. ಹೀಗೆ ನೋಡಿದರೆ ಡಿಸೆಂಬರಿನ ಬೆಂಗಳೂರಿನ ಕೋಳಿಗೆ ಹಗಲು ಸುಮಾರು 12 ಗಂಟೆ, ಜೂನಿನ ಕೋಳಿಗೆ ಸುಮಾರು ಹದಿಮೂರೂವರೆ ಗಂಟೆ. ಇನ್ನು ಮುಂದೆ ನಾನು ನಮ್ಮ ಕಡೆಯ ಹಗಲು ಎಂದಾಗಲೆಲ್ಲ ಈ 40 ನಿಮಿಷ ಸೇರಿದೆ ಎಂದೇ ತಿಳಿಯಿರಿ.

ಬೆಳಕು ಮೊಟ್ಟೆಯಾಗುವ ದಾರಿ

ಕ್ರಮವನ್ನು ಕುರುಡಾಗಿ ಪಾಲಿಸುವುದಕ್ಕಿಂತ ಒಳಗೆ ಏನಾಗುತ್ತಿದೆ ಎಂದು ತಿಳಿದು ಪಾಲಿಸುವುದು ಒಳ್ಳೆಯದು; ಕರೆಂಟು ಕೈಕೊಟ್ಟ ದಿನ ಏನು ಮಾಡಬೇಕೆಂದು ಆಗ ನಿಮಗೇ ಹೊಳೆಯುತ್ತದೆ.

ಹಗಲಿನ ಉದ್ದಕ್ಕೂ ಹಕ್ಕಿಯ ಸಂತಾನಕ್ಕೂ ಸಂಬಂಧವಿದೆ ಎಂಬುದನ್ನು ಪ್ರಯೋಗದಿಂದ ತೋರಿಸಿದವರು ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ವಿಲಿಯಂ ರೋವನ್. ಚಳಿಗಾಲದಲ್ಲಿ ಹಗಲು ಏಳೂವರೆ ಗಂಟೆಗೆ ಇಳಿದುಬಿಡುವ ಎಡ್ಮಂಟನ್ ನಗರದಲ್ಲಿ, ಬಯಲಿನಲ್ಲಿಟ್ಟ ಪಂಜರದ ಜುಂಕೊ ಹಕ್ಕಿಗಳಿಗೆ ಅವರು ಬಲ್ಬು ಹಚ್ಚಿ ದಿನದಿನಕ್ಕೂ ಕೆಲವೇ ನಿಮಿಷಗಳಂತೆ ಬೆಳಕನ್ನು ಹೆಚ್ಚಿಸುತ್ತ ಹೋದರು. ಹೊರಗೆ ಮೈ ಹೆಪ್ಪುಗಟ್ಟಿಸುವ ಚಳಿಯಿದ್ದರೂ ಆ ಹಕ್ಕಿಗಳ ಜನನಗ್ರಂಥಿಗಳು ವಸಂತದಲ್ಲಿ ಬೆಳೆಯುವಂತೆ ಬೆಳೆದವು. ಈ ವರದಿ ಪ್ರಕಟವಾದದ್ದು 1925ರಲ್ಲಿ. ಚಳಿಯಿಂದಲೇ ಮೊಟ್ಟೆ ನಿಂತಿತು ಎನ್ನುವವರಿಗೆ ನಾನು ಈ ಜುಂಕೊಗಳ ಕತೆಯನ್ನು ಹೇಳುತ್ತೇನೆ. ನಮ್ಮ ದೇಶದಲ್ಲೂ ಇಂಥ ಕೆಲಸ ನಡೆದಿದೆ: ಉತ್ತರ ಕರ್ನಾಟಕದ ಜೋಳದ ಹೊಲಗಳಿಗೆ ಚಳಿಗಾಲದಲ್ಲಿ ಹಿಂಡು ಹಿಂಡಾಗಿ ಬರುವ, ಗುಬ್ಬಿಗಿಂತ ತುಸು ದೊಡ್ಡದಾದ ಬ್ಲ್ಯಾಕ್‌ಹೆಡೆಡ್ ಬಂಟಿಂಗ್ ಎಂಬ ವಲಸೆ ಹಕ್ಕಿಯ ಮೇಲೆ ವಿನೋದ್ ಕುಮಾರ್ ಮತ್ತು ಅವರ ಸಂಗಡಿಗರು ಲಖನೌ ಮತ್ತು ದೆಹಲಿಯಲ್ಲಿ ದಶಕಗಳ ಕಾಲ ಅಧ್ಯಯನ ಮಾಡಿದ್ದಾರೆ.

ಹಕ್ಕಿ ಈ ಬೆಳಕನ್ನು ಕಣ್ಣಿನಿಂದಷ್ಟೇ ಗ್ರಹಿಸುವುದಿಲ್ಲ. ಕಣ್ಣಿಲ್ಲದ ಬಾತುಕೋಳಿಗಳೂ ಹಗಲಿನ ಉದ್ದಕ್ಕೆ ಸ್ಪಂದಿಸುತ್ತವೆ ಎಂದು ಫ್ರಾನ್ಸಿನ ಜಾಕ್ ಬೆನ್ವಾ 1930ರ ದಶಕದಲ್ಲೇ ತೋರಿಸಿದ್ದರು. ಬೆಳಕು ಪುಕ್ಕ, ಚರ್ಮ, ತೆಳ್ಳನೆಯ ತಲೆಬುರುಡೆಯನ್ನು ದಾಟಿ ಮಿದುಳಿನ ಆಳದಲ್ಲಿರುವ ಗ್ರಾಹಕ ಕೋಶಗಳನ್ನು ಮುಟ್ಟುತ್ತದೆ. ಇದನ್ನು ಮನೆಯಲ್ಲೇ ಅರ್ಥ ಮಾಡಿಕೊಳ್ಳಬಹುದು. ಕತ್ತಲೆಯಲ್ಲಿ ಮೊಬೈಲಿನ ಟಾರ್ಚನ್ನು ಹಚ್ಚಿ ಅದರ ಮೇಲೆ ಬೆರಳನ್ನು ಒತ್ತಿಹಿಡಿಯಿರಿ: ಬೆಳ್ಳನೆಯ ಬೆಳಕು ಒಳಹೋಗುತ್ತದೆ, ಆಚೆ ಕಡೆ ಕೆಂಪು ಮಾತ್ರ ಹೊರಬರುತ್ತದೆ. ಮಾಂಸ ಮೂಳೆಗಳನ್ನು ದಾಟುವ ಶಕ್ತಿ ಕೆಂಪಿಗೆ ಹೆಚ್ಚು, ನೀಲಿಗೆ ಕಡಿಮೆ. ಬಲ್ಬು ಕೊಳ್ಳುವಾಗ ಈ ಬೆರಳನ್ನು ನೆನಪಿಟ್ಟುಕೊಳ್ಳಿ.

ಆ ಕೋಶಗಳಿಂದ ಮುಂದಿನ ದಾರಿಯನ್ನು ಬಿಡಿಸಿ ತೋರಿಸಿದ್ದು ಬಹುಮಟ್ಟಿಗೆ ಜಪಾನಿನ ನಗೋಯಾದ ತಕಾಶಿ ಯೋಶಿಮುರಾ ಅವರ ತಂಡ, ಜಪಾನಿ ಗೌಜುಗಗಳ ಮೇಲೆ. ದೀರ್ಘ ಹಗಲಿನ ಸುದ್ದಿ ಮುಟ್ಟಿದ ಕೂಡಲೇ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಕಾಂಡಕ್ಕೆ ಅಂಟಿಕೊಂಡ ಒಂದು ತೆಳುಪದರ ಟಿಎಸ್‌ಎಚ್ ಎಂಬ ಹಾರ್ಮೋನನ್ನು ಸುರಿಸುತ್ತದೆ. ನಾವು ಥೈರಾಯ್ಡ್ ಪರೀಕ್ಷೆಯ ಚೀಟಿಯಲ್ಲಿ ನೋಡುವ ಅದೇ ಟಿಎಸ್‌ಎಚ್. ಇಲ್ಲಿ ಮಾತ್ರ ಅದು ಕತ್ತಿನ ಕಡೆಗೆ ಹೋಗದೆ ಪಕ್ಕದಲ್ಲೇ ಇರುವ ಹೈಪೊಥಲಮಸ್ ಎಂಬ ಮಿದುಳಿನ ಭಾಗದತ್ತ ತಿರುಗುತ್ತದೆ. ಅಲ್ಲಿ ಅದು ಎಬ್ಬಿಸುವ ಕಿಣ್ವವೊಂದು ಮಂದವಾದ ಟಿ4 ಥೈರಾಯ್ಡ್ ಹಾರ್ಮೋನನ್ನು ಚುರುಕಾದ ಟಿ3 ಆಗಿ ಬದಲಿಸುತ್ತದೆ. ಟಿ3 ಹೆಚ್ಚಿದಾಗ ಮಿದುಳಿನಿಂದ ಜಿಎನ್‌ಆರ್‌ಎಚ್ ಎಂಬ ಹಾರ್ಮೋನು ಹರಿಯುತ್ತದೆ, ಅದರಿಂದ ಪಿಟ್ಯುಟರಿಯ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಎಂಬ ಹಾರ್ಮೋನುಗಳು ಹರಿಯುತ್ತವೆ, ಅವುಗಳಿಂದ ಅಂಡಾಶಯ ಎಚ್ಚರಗೊಂಡು ಈಸ್ಟ್ರೊಜನ್ ಎಂಬ ಹೆಣ್ಣು ಹಾರ್ಮೋನನ್ನು ಸ್ರವಿಸುತ್ತದೆ. ಈಸ್ಟ್ರೊಜನ್ನಿನ ಪ್ರಭಾವದಲ್ಲಿ ಯಕೃತ್ತು ಹಳದಿಯ ಪ್ರೋಟೀನನ್ನು ತಯಾರಿಸತೊಡಗುತ್ತದೆ, ಕಾಲಿನ ಮೂಳೆಗಳ ಪೊಳ್ಳಿನಲ್ಲಿ ಮೊಟ್ಟೆಚಿಪ್ಪಿಗಾಗಿ ಸುಣ್ಣ ಶೇಖರವಾಗುತ್ತದೆ, ಹಿಂಭಾಗದ ಮೂಳೆಗಳು ಅಗಲವಾಗುತ್ತವೆ.

ಇಡೀ ಲೆಕ್ಕದ ಕೀಲಿ ಇರುವುದು ಕೋಳಿ ದಿನದ ಬೆಳಕನ್ನು ಹೇಗೆ ಅಳೆಯುತ್ತದೆ ಎಂಬುದರಲ್ಲಿ. ದಿನವೊಂದಕ್ಕೆ ಎಷ್ಟು ಬೆಳಕು ಬಿತ್ತು ಎಂದು ಅದು ಕೂಡಿಸುತ್ತ ಕೂರುವುದಿಲ್ಲ. ಬೆಳಗಾದ ಕ್ಷಣದಿಂದ ಅದರ ಒಳಗಡಿಯಾರ ಓಡತೊಡಗುತ್ತದೆ. ಅದಾಗಿ 11-12 ಗಂಟೆಯ ಮೇಲೆ ಮಿದುಳಿನಲ್ಲಿ ಒಂದು ಕಿಟಕಿ ತೆರೆದಂತಾಗುತ್ತದೆ. ಆ ಹೊತ್ತಿನಲ್ಲಿ ಬೆಳಕಿದ್ದರೆ ದೀರ್ಘ ಹಗಲು, ಕತ್ತಲಿದ್ದರೆ ಹ್ರಸ್ವ ಹಗಲು. ಈ ಬಗೆಯ ವಿವರಣೆಯನ್ನು ಜರ್ಮನಿಯ ಸಸ್ಯವಿಜ್ಞಾನಿ ಎರ್ವಿನ್ ಬ್ಯುನ್ನಿಂಗ್ 1936ರಲ್ಲಿ ಸಸ್ಯಗಳ ವಿಷಯದಲ್ಲಿ ಮುಂದಿಟ್ಟರು, ಹಕ್ಕಿಗಳಿಗೂ ಅದು ಹೊಂದುತ್ತದೆಂದು ನಂತರ ತಿಳಿಯಿತು. ನಡುರಾತ್ರಿಯ ಕತ್ತಲನ್ನು ಸರಿಯಾದ ಗಳಿಗೆಯಲ್ಲಿ ಹತ್ತು ಹದಿನೈದು ನಿಮಿಷದ ಬೆಳಕು ಸೀಳಿದರೂ ಮಿದುಳು ಅದನ್ನು ದೀರ್ಘ ಹಗಲೆಂದೇ ಓದಿಕೊಳ್ಳಬಲ್ಲದು. ಬೆಳೆಯುವ ಕೋಳಿಗಳ ಶೆಡ್ಡಿಗೆ ರಾತ್ರಿ ಎಂಟಕ್ಕೆ ಬೀಳುವ ಜಗಲಿಯ ಟ್ಯೂಬ್‌ಲೈಟಿನ ಬೆಳಕನ್ನು ನಾನು ಯಾಕೆ ಅಷ್ಟು ಕಟ್ಟುನಿಟ್ಟಾಗಿ ಅಡ್ಡಗಟ್ಟುತ್ತೇನೆ ಎಂಬುದಕ್ಕೆ ಕಾರಣ ಇದೇ.

ಮರಿ ತರುವ ತಿಂಗಳನ್ನು ನೋಡಿ ಬೆಳಕನ್ನು ನಿಲ್ಲಿಸಿ

ಸೂತ್ರ ಎರಡೇ: ಬೆಳೆಯುವ ಕೋಳಿಗೆ ಬೆಳಕು ಹೆಚ್ಚಾಗಬಾರದು, ಮೊಟ್ಟೆಯಿಡುವ ಕೋಳಿಗೆ ಬೆಳಕು ಕಡಿಮೆಯಾಗಬಾರದು. ಎರಡನೆಯದನ್ನು ಎಲ್ಲರೂ ನೆನಪಿಡುತ್ತಾರೆ. ಮೊದಲನೆಯದನ್ನು ಮರೆತು ಕೈಸುಟ್ಟುಕೊಂಡವರೇ ಹೆಚ್ಚು.

ಮರಿಗಳಿಗೆ ಮೊದಲ ಎರಡು ಮೂರು ದಿನ ಹೆಚ್ಚುಕಡಿಮೆ ಇಡೀ ದಿನ ಬೆಳಕು ಬೇಕು. ನೀರು, ಆಹಾರ ಎಲ್ಲಿದೆ ಎಂದು ಅವು ಕಲಿಯಬೇಕು. ಆಮೇಲೆ ವಾರವಾರಕ್ಕೂ ಇಳಿಸುತ್ತ ಎಂಟನೆಯ ವಾರದ ಹೊತ್ತಿಗೆ ಒಂದು ನಿಶ್ಚಿತ ಮಟ್ಟಕ್ಕೆ ತಂದು ನಿಲ್ಲಿಸಬೇಕು. ಆ ಮಟ್ಟ ಯಾವುದೆಂದು ಹೇಳುವುದು ಮರಿ ಹುಟ್ಟಿದ ತಿಂಗಳು.

ಜುಲೈ 1ರಂದು ಹುಟ್ಟಿದ ಮರಿಗಳನ್ನು ತೆಗೆದುಕೊಳ್ಳಿ. ಅವುಗಳಿಗೆ 18 ವಾರ ತುಂಬುವುದು ನವೆಂಬರ್ 4ರಂದು. ಅಲ್ಲಿಯವರೆಗೆ ಹಗಲು ಹದಿಮೂರೂವರೆ ಗಂಟೆಯಿಂದ ಸುಮಾರು 12 ಗಂಟೆ 20 ನಿಮಿಷಕ್ಕೆ ತಾನಾಗಿ ಇಳಿಯುತ್ತದೆ. ಮರಿಗಳನ್ನು ಬೆಚ್ಚಗಿಡುವ ಬ್ರೂಡರಿನ ದೀಪ ತೆಗೆದ ಮೇಲೆ ಬೇರೇನೂ ಮಾಡಬೇಕಾಗಿಲ್ಲ. ಬೆಳಕಿನ ದೃಷ್ಟಿಯಿಂದ ನಮ್ಮಲ್ಲಿ ಮರಿ ತರಲು ಇದಕ್ಕಿಂತ ಸುಲಭವಾದ ಕಾಲ ಇನ್ನೊಂದಿಲ್ಲ.

ಜನವರಿ 10ರಂದು ಹುಟ್ಟಿದ ಮರಿಗಳ ಕತೆ ತಿರುಗಾಮುರುಗಾ. ಅವುಗಳಿಗೆ 18 ವಾರ ತುಂಬುವುದು ಮೇ 16ಕ್ಕೆ. ಆ ಅವಧಿಯಲ್ಲಿ ಹಗಲು 12 ಗಂಟೆ 5 ನಿಮಿಷದಿಂದ 13 ಗಂಟೆ 20 ನಿಮಿಷದ ಆಚೆಗೆ ಏರುತ್ತದೆ. ಮೈ ಇನ್ನೂ ಬಲಿಯದ ಹ್ಯಾಟೆಗಳಿಗೆ ಈ ಏರಿಕೆಯೇ ಕರೆಯಾಗಿ, ಹದಿನಾರನೆಯ ವಾರಕ್ಕೇ ತುರಾಯಿ ಕೆಂಪಾಗಿ ಮೊಟ್ಟೆ ಶುರುವಾಗಬಹುದು. ನೋಡಿದವರಿಗೆ ಖುಷಿ, ಆದರೆ ಅದು ನಷ್ಟದ ಸೂಚನೆ: ಮೊಟ್ಟೆ ಗೋಲಿಯಷ್ಟಾಗಿ ಬಹುಕಾಲ ಹಾಗೆಯೇ ಉಳಿಯುತ್ತದೆ, ಕೆಲವು ಕೋಳಿಗಳಿಗೆ ಹಿಂಭಾಗದ ಕರುಳು ಹೊರಬಂದು ಉಳಿದವು ಅದನ್ನು ಕುಕ್ಕಿ ಸಾಯಿಸುತ್ತವೆ. ಇದಕ್ಕೆ ಮದ್ದೆಂದರೆ, ಆ ಮರಿಗಳು 18 ವಾರದೊಳಗೆ ಕಾಣಲಿರುವ ಅತಿ ಉದ್ದದ ಹಗಲು ಯಾವುದೋ ಅದನ್ನು ಮೊದಲೇ ಕೊಟ್ಟುಬಿಡುವುದು. ಬೆಂಗಳೂರಿನ ಸುತ್ತ ಇದು ಹದಿಮೂರೂವರೆ ಗಂಟೆ. ಎಂಟನೆಯ ವಾರದಿಂದ ಬೆಳಗಿನ 5:30ರಿಂದ ಸಂಜೆ 7ರವರೆಗೆ ಬೆಳಕು ಎಂದು ಗೊತ್ತುಮಾಡಿ, ಹೊರಗೆ ಕತ್ತಲಿರುವಷ್ಟು ಹೊತ್ತು ಬಲ್ಬು ಉರಿಸಿ. ಹಗಲು ಬೆಳೆದಂತೆ ಬಲ್ಬಿನ ಪಾಲು ಕರಗುತ್ತ ಬರುತ್ತದೆ, ಆದರೆ ಕೋಳಿಯ ಪಾಲಿಗೆ ದಿನ ಬೆಳೆಯುವುದೇ ಇಲ್ಲ.

ಈ ಲೆಕ್ಕ ಮೊದಲ ಬಾರಿಗೆ ತಲೆಗೆ ಹತ್ತುವುದು ಸ್ವಲ್ಪ ಕಷ್ಟ, ಏಕೆಂದರೆ ಬೆಳಕು ಹೆಚ್ಚಾಗದಿರಲೆಂದು ಬೆಳಕನ್ನೇ ಹಾಕುತ್ತಿದ್ದೇವೆ. ಕೋಳಿ ಗಮನಿಸುವುದು ಬದಲಾವಣೆಯನ್ನು ಎಂಬುದನ್ನು ನೆನೆದರೆ ಗೊಂದಲ ಬಿಡುತ್ತದೆ.

ಬೆಳಕು ಹೆಚ್ಚಿಸುವ ವಾರ

18 ವಾರ ತುಂಬಿತೆಂಬ ಒಂದೇ ಕಾರಣಕ್ಕೆ ಬೆಳಕನ್ನು ಹೆಚ್ಚಿಸಬೇಡಿ. ಹಿಂಡಿನ ಹತ್ತರಲ್ಲಿ ಒಂದನ್ನು ಹಿಡಿದು ತೂಗಿ. ನಿಮ್ಮ ತಳಿಗೆ ಆ ವಯಸ್ಸಿಗೆ ಹೇಳಿದ ತೂಕ ಬಂದಿರದಿದ್ದರೆ ಒಂದೆರಡು ವಾರ ಕಾಯಿರಿ. ಸಣಕಲು ಹ್ಯಾಟೆಗೆ ಬೆಳಕು ಕೊಡುವುದೆಂದರೆ ಹಸಿದವನನ್ನು ಹೊರೆ ಹೊರಲು ಕರೆದಂತೆ.

ತೂಕ ಸರಿಯಿದ್ದರೆ ಜುಲೈಯ ಮರಿಗಳಿಗೆ ನವೆಂಬರ್ 4ರ ವಾರ ಹೀಗೆ ಶುರುಮಾಡಬಹುದು: ಮೊದಲ ವಾರ ಬೆಳಗಿನ 5:30ರಿಂದ ಸಂಜೆ 6:30ರವರೆಗೆ, ಒಟ್ಟು 13 ಗಂಟೆ. ಅಲ್ಲಿಂದ ಪ್ರತಿ ವಾರ ಬೆಳಿಗ್ಗೆ 15 ನಿಮಿಷ ಮುಂಚೆ, ಸಂಜೆ 15 ನಿಮಿಷ ತಡವಾಗಿ. ಏಳನೆಯ ವಾರ, ಎಂದರೆ ಡಿಸೆಂಬರಿನ ಮಧ್ಯದಲ್ಲಿ, ಬೆಳಗಿನ 4ರಿಂದ ರಾತ್ರಿ 8ರವರೆಗೆ 16 ಗಂಟೆಗೆ ಬಂದು ನಿಲ್ಲುತ್ತದೆ. ಜನವರಿಯ ಮರಿಗಳು ಆಗಲೇ ಹದಿಮೂರೂವರೆ ಗಂಟೆಯಲ್ಲಿರುವುದರಿಂದ ಅವುಗಳನ್ನು ಇದೇ ಹೆಜ್ಜೆಯಲ್ಲಿ ಐದು ವಾರದಲ್ಲಿ 16ಕ್ಕೆ ತರಬಹುದು. ಒಂದೇ ಏಟಿಗೆ 16 ಗಂಟೆ ಕೊಟ್ಟರೂ ಮೊಟ್ಟೆ ಬರುತ್ತದೆ, ಆದರೆ ಎರಡು ಹಳದಿಯ ಮೊಟ್ಟೆಗಳೂ ಚಿಪ್ಪಿಲ್ಲದ ಮೊಟ್ಟೆಗಳೂ ಹೆಚ್ಚು.

ಬೆಳಕು ಹೆಚ್ಚಿಸಿದ ಎರಡರಿಂದ ನಾಲ್ಕು ವಾರದಲ್ಲಿ ಸಾಮಾನ್ಯವಾಗಿ ಮೊದಲ ಮೊಟ್ಟೆ ಕಾಣುತ್ತದೆ. ಅಲ್ಲಿಯವರೆಗೆ ಹಾರ್ಮೋನು ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಪ್ರಯೋಗಶಾಲೆ ಬೇಕಿಲ್ಲ, ಬೆರಳು ಸಾಕು. ಸಂಜೆ ಅಟ್ಟಣೆಯ ಮೇಲೆ ಕೂತ ಹ್ಯಾಟೆಯನ್ನು ಎತ್ತಿ, ತಲೆಯನ್ನು ಕಂಕುಳಿನ ಕಡೆಗೆ ಮಾಡಿ ಹಿಡಿದುಕೊಂಡು, ಹಿಂಭಾಗದ ದ್ವಾರದ ಎರಡು ಮಗ್ಗುಲಿಗೂ ಕೈಯಾಡಿಸಿ. ತೆಳ್ಳನೆಯ ಎರಡು ಮೂಳೆಗಳ ತುದಿ ಸಿಗುತ್ತದೆ. ಅವುಗಳ ನಡುವೆ ಒಂದು ಬೆರಳು ಮಾತ್ರ ಹಿಡಿದರೆ ಅಂಡಾಶಯ ಇನ್ನೂ ಮಲಗಿದೆ. ಎರಡು ಬೆರಳು ಹಿಡಿದರೆ ಮೊಟ್ಟೆ ಹತ್ತಿರ ಬಂದಿದೆ. ಮೂರು ಬೆರಳು ಸಲೀಸಾಗಿ ಹಿಡಿದು ಮೂಳೆ ಬಳುಕುತ್ತಿದ್ದರೆ ಕೋಳಿ ಮೊಟ್ಟೆಯಿಡುತ್ತಿದೆ. ತುರಾಯಿ ಕೆಂಪೇರಿ ಬೆಚ್ಚಗಿರುವುದು, ಬೆನ್ನ ಮೇಲೆ ಕೈಯಿಟ್ಟರೆ ರೆಕ್ಕೆ ಸಡಿಲಿಸಿ ಕುಕ್ಕರಿಸುವುದು ಇವೂ ಗುರುತುಗಳೇ. ನಮ್ಮ ಹಳ್ಳಿಗಳ ಅಜ್ಜಿಯಂದಿರು ಕೋಳಿ ಕೊಳ್ಳುವಾಗ ಈ ಬೆರಳಿನ ಲೆಕ್ಕವನ್ನೇ ಹಾಕುತ್ತಿದ್ದರು.

ಬಲ್ಬು ಮತ್ತು ಟೈಮರ್

ಹಳದಿ ಛಾಯೆಯ, ವಾರ್ಮ್ ವೈಟ್ ಎಂದು ಡಬ್ಬಿಯ ಮೇಲೆ ಬರೆದಿರುವ ಎಲ್‌ಇಡಿ ಬಲ್ಬನ್ನೇ ಕೊಳ್ಳಿ. ನೀಲಿ ಛಾಯೆಯ ಬೆಳ್ಳನೆಯ ಬಲ್ಬು ನಮ್ಮ ಕಣ್ಣಿಗೆ ಹೆಚ್ಚು ಪ್ರಖರ ಕಂಡರೂ ಅದರಲ್ಲಿ ಕೆಂಪಿನ ಪಾಲು ಕಡಿಮೆ. ನೂರು ಚದರಡಿಗೆ 5 ವಾಟಿನ ಒಂದು ಬಲ್ಬು, ನೆಲದಿಂದ ಏಳೆಂಟು ಅಡಿ ಎತ್ತರದಲ್ಲಿ ಸಾಕು. ಒಂದೇ ದೊಡ್ಡ ಬಲ್ಬಿಗಿಂತ ಹರಡಿದ ನಾಲ್ಕು ಚಿಕ್ಕವು ಮೇಲು. ಬೆಳಕು ಸಾಲುತ್ತದೆಯೇ ಎಂಬುದಕ್ಕೆ ಹಳೆಯ ಪರೀಕ್ಷೆಯೊಂದಿದೆ: ರಾತ್ರಿ ಶೆಡ್ಡಿನಲ್ಲಿ ಕೋಳಿಯ ಎತ್ತರಕ್ಕೆ ಕುಕ್ಕರಗಾಲಿನಲ್ಲಿ ಕೂತು ದಿನಪತ್ರಿಕೆ ಹಿಡಿಯಿರಿ, ಅಕ್ಷರ ಓದಲು ಬಂದರೆ ಸಾಕು. ಕೆಳಸಾಲಿನ ಪಂಜರಗಳ ಮೂಲೆಯಲ್ಲೂ ಓದಲು ಬರಬೇಕು. ವಾರಕ್ಕೊಮ್ಮೆ ಬಲ್ಬನ್ನು ಒಣಬಟ್ಟೆಯಿಂದ ಒರೆಸಬೇಕು. ಶೆಡ್ಡಿನ ದೂಳು ಬಹಳಷ್ಟು ಬೆಳಕನ್ನು ನುಂಗುತ್ತದೆ.

ಟೈಮರಿನ ವಿಷಯದಲ್ಲಿ ನಾನು ಪಾಠ ಕಲಿತದ್ದು ನಷ್ಟದಿಂದ. ಮೊದಲು ತಂದದ್ದು ಸುತ್ತಲೂ ಪಿನ್ನುಗಳಿರುವ, ಮುಳ್ಳು ತಿರುಗುವ ಅಗ್ಗದ ಟೈಮರ್. ಕರೆಂಟು ಹೋದಾಗ ಅಂಥ ಟೈಮರಿನ ಗಡಿಯಾರವೂ ನಿಲ್ಲುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ. ಅದು ಡಿಸೆಂಬರ್ ತಿಂಗಳು; ದಿನಕ್ಕೆ ಎರಡು ಗಂಟೆ ಕರೆಂಟು ಹೋಗುತ್ತಿತ್ತು. ಒಂದು ವಾರ ಕಳೆಯುವುದರಲ್ಲಿ ಟೈಮರ್ ಅರ್ಧ ದಿನಕ್ಕಿಂತ ಹಿಂದೆ ಬಿದ್ದು, ಬೆಳಗಿನ ನಾಲ್ಕಕ್ಕೆ ಹತ್ತಬೇಕಿದ್ದ ಬಲ್ಬುಗಳು ಸಂಜೆ ಹತ್ತುತ್ತಿದ್ದವು, ಸಂಜೆಯವು ಬೆಳಿಗ್ಗೆ. ಬಲ್ಬು ಹತ್ತುವುದನ್ನು ದಿನವೂ ನೋಡುತ್ತಿದ್ದ ಮನೆಯವರಿಗೆ ಅನುಮಾನವೇ ಬರಲಿಲ್ಲ. ಮೊಟ್ಟೆ ತಟ್ಟೆ ತಟ್ಟೆಯಾಗಿ ಇಳಿಯಿತು, ಮೂರನೆಯ ವಾರಕ್ಕೆ ಕತ್ತಿನ ಪುಕ್ಕಗಳು ನೆಲದ ಮೇಲೆ ಕಾಣಿಸಿಕೊಂಡವು. ಈಗ ಬ್ಯಾಟರಿಯುಳ್ಳ ಡಿಜಿಟಲ್ ಟೈಮರ್ ಇದೆ, ಬಲ್ಬುಗಳಿಗೆ ಚಿಕ್ಕದೊಂದು ಇನ್ವರ್ಟರ್ ಇದೆ, ಮತ್ತು ಭಾನುವಾರ ಬೆಳಿಗ್ಗೆ ಕೈಗಡಿಯಾರದೊಂದಿಗೆ ಟೈಮರನ್ನು ತಾಳೆ ನೋಡುವ ಅಭ್ಯಾಸವಿದೆ.

ಬೆಳಕನ್ನು ಬೆಳಿಗ್ಗೆ ಸೇರಿಸಬೇಕೋ ಸಂಜೆಯೋ ಎಂದು ಕೇಳುವವರಿದ್ದಾರೆ. ಪಂಜರದ ಕೋಳಿಗೆ ಎರಡೂ ಒಂದೇ. ನೆಲದ ಮೇಲೆ ಬಿಟ್ಟು ಸಾಕುವವರು ಮಾತ್ರ ಸಂಜೆ ಬಲ್ಬುಗಳನ್ನೆಲ್ಲ ಒಮ್ಮೆಗೇ ಆರಿಸಬಾರದು; ಅಟ್ಟಣೆ ಏರದ ಕೋಳಿಗಳು ಕತ್ತಲಲ್ಲಿ ಮೂಲೆಗೆ ಒತ್ತರಿಸಿಕೊಂಡು ಉಸಿರುಗಟ್ಟಿ ಸಾಯುವುದುಂಟು. ಮಂದವಾದ ಒಂದು ಬಲ್ಬನ್ನು ಇನ್ನೂ 15 ನಿಮಿಷ ಉಳಿಸಿ ಆಮೇಲೆ ಆರಿಸಿ.

ಮೊಟ್ಟೆಯ ಕಾಲದಲ್ಲಿ

16 ಗಂಟೆಗೆ ಬಂದ ಮೇಲೆ ಆ ಹಿಂಡು ಇರುವವರೆಗೂ ಅದು ಕದಲಬಾರದು. ಜೂನಿನ ಉದ್ದದ ಹಗಲಿನಲ್ಲಿ ಕರೆಂಟಿನ ಹಣ ಉಳಿಸಲೆಂದು ಬಲ್ಬು ನಿಲ್ಲಿಸಿ ಅಕ್ಟೋಬರಿನಲ್ಲಿ ಮತ್ತೆ ಹಾಕುವುದು ಎಲ್ಲಕ್ಕಿಂತ ಕೆಟ್ಟ ಮಿತವ್ಯಯ. ಇಳಿಯುವ ಬೆಳಕು ಕೋಳಿಯ ಮಿದುಳಿಗೆ ಸಂತಾನದ ಕಾಲ ಮುಗಿಯಿತೆಂದು ಹೇಳುತ್ತದೆ, ಎಲ್‌ಎಚ್ ಕುಸಿಯುತ್ತದೆ, ಕೋಳಿ ಪುಕ್ಕ ಉದುರಿಸಿ ಹೊಸದನ್ನು ಹೊದೆಯಲು ತೊಡಗುತ್ತದೆ. ಮತ್ತೆ ಮೊಟ್ಟೆಗೆ ಬರಲು ವಾರಗಟ್ಟಲೆ ಬೇಕು. ಇಂಗ್ಲೆಂಡಿನಲ್ಲೋ ನ್ಯೂಜೆರ್ಸಿಯಲ್ಲೋ ನೆಲೆಸಿ ಹಿತ್ತಲಲ್ಲಿ ನಾಲ್ಕು ಕೋಳಿ ಸಾಕಿಕೊಂಡ ನಮ್ಮವರಿಗೆ ಇದು ಹೇಳಬೇಕಾಗಿಲ್ಲ. ಲಂಡನ್ನಿನ ಡಿಸೆಂಬರಿನ ಹಗಲು ಎಂಟು ಗಂಟೆಯೂ ಇಲ್ಲ, ಅಲ್ಲಿ ಬಲ್ಬಿಲ್ಲದಿದ್ದರೆ ಹಳೆಯ ಕೋಳಿಗಳು ಮೊಟ್ಟೆಯನ್ನೇ ನಿಲ್ಲಿಸಿಬಿಡುತ್ತವೆ.

16 ಗಂಟೆ ಒಳ್ಳೆಯದಾದರೆ 24 ಇನ್ನೂ ಒಳ್ಳೆಯದಲ್ಲವೇ ಎಂಬ ಆಸೆ ಬೇಡ. ಒಂದು ಮೊಟ್ಟೆ ಕೋಳಿಯ ಹೊಟ್ಟೆಯಲ್ಲಿ ರೂಪುಗೊಳ್ಳಲು ಸುಮಾರು 25 ಗಂಟೆ ಬೇಕು, ಅದರಲ್ಲಿ ಚಿಪ್ಪಿಗೇ ಸುಮಾರು 20 ಗಂಟೆ. ಅಂಡವನ್ನು ಬಿಡುಗಡೆ ಮಾಡುವ ಎಲ್‌ಎಚ್ ಉಕ್ಕುವುದು ಸಾಮಾನ್ಯವಾಗಿ ಕತ್ತಲಲ್ಲಿ. ಆ ಉಕ್ಕುವಿಕೆಗೆ ಗೊತ್ತಾದ ರಾತ್ರಿಯೊಂದು ಬೇಕು. ಚಿಪ್ಪು ಕಟ್ಟುವುದೂ ಬಹುಪಾಲು ರಾತ್ರಿಯೇ. ಒಂದು ಚಿಪ್ಪಿನಲ್ಲಿ ಎರಡು ಗ್ರಾಮಿಗಿಂತ ಹೆಚ್ಚು ಕ್ಯಾಲ್ಸಿಯಂ ಇರುತ್ತದೆ. ಹಾಗಾಗಿ ಒಡೆದ ಕಪ್ಪೆಚಿಪ್ಪನ್ನೋ ಸುಣ್ಣಕಲ್ಲಿನ ನುಚ್ಚನ್ನೋ ಸಂಜೆಯ ಬಲ್ಬಿನ ಹೊತ್ತಿನಲ್ಲಿ ಕೊಟ್ಟರೆ ರಾತ್ರಿಯಿಡೀ ಅದು ನಿಧಾನವಾಗಿ ಕರಗಿ ಒದಗುತ್ತದೆ, ಮೂಳೆಯ ಸುಣ್ಣ ಉಳಿಯುತ್ತದೆ.

ನಾಟಿ ಕೋಳಿ ಕಾವಿಗೆ ಕೂತಾಗ

ನಾಟಿ ಕೋಳಿ ಹತ್ತು ಹದಿನೈದು ಮೊಟ್ಟೆಯಿಟ್ಟು ಕಾವಿಗೆ ಕೂರುತ್ತದೆ. ಆಗ ಆಳುವ ಹಾರ್ಮೋನು ಪ್ರೊಲ್ಯಾಕ್ಟಿನ್; ಅದು ಏರಿದಾಗ ಎಲ್‌ಎಚ್ ಇಳಿದು ಮೊಟ್ಟೆ ನಿಲ್ಲುತ್ತದೆ. ಹೊಟ್ಟೆಯಡಿಯ ಪುಕ್ಕ ಉದುರಿದ ಬರಿಮೈಗೆ ಮೊಟ್ಟೆ ತಾಕುತ್ತಿರುವುದೇ ಪ್ರೊಲ್ಯಾಕ್ಟಿನ್ನನ್ನು ಏರಿಸಿಟ್ಟಿರುತ್ತದೆ, ಆದ್ದರಿಂದ ಬಲ್ಬಿನಿಂದ ಅದನ್ನು ಎಬ್ಬಿಸಲಾಗದು. ಮರಿ ಬೇಕಿದ್ದರೆ 21 ದಿನ ಕೂರಲು ಬಿಡಿ, ಅವಳಿಗಿಂತ ಒಳ್ಳೆಯ ಇನ್‌ಕ್ಯುಬೇಟರ್ ಇಲ್ಲ. ಮೊಟ್ಟೆಯೇ ಬೇಕಿದ್ದರೆ ಗೂಡು, ಹುಲ್ಲು ಯಾವುದೂ ಇಲ್ಲದ, ಅಡಿಯಲ್ಲಿ ಗಾಳಿಯಾಡುವ ಜಾಲರಿಯ ಪಂಜರದಲ್ಲಿ ಬೆಳಕಿನಲ್ಲಿ ಮೂರು ನಾಲ್ಕು ದಿನ ಇಡಿ. ಆಹಾರ, ನೀರು ತಪ್ಪಿಸಬಾರದು. ಬಾವಿಯ ನೀರಿನಲ್ಲಿ ಅದ್ದುವ, ಮೂಗಿಗೆ ಪುಕ್ಕ ಚುಚ್ಚುವ ಪದ್ಧತಿಗಳನ್ನು ನಾನು ಮಾಡುವುದಿಲ್ಲ, ಅವು ಬರಿಯ ಹಿಂಸೆ. ಹೊಲದಲ್ಲಿ ಮೇದು ಬದುಕುವ ನಾಟಿ ಕೋಳಿಗೆ 16 ಗಂಟೆಯ ಬೆಳಕನ್ನು ಹೇರುವುದೂ ನನಗೆ ಸರಿ ಕಾಣದು. ಆ ಬೆಳಕಿಗೆ ತಕ್ಕ ಆಹಾರ ಅದಕ್ಕೆ ಸಿಗುವುದಿಲ್ಲ.

ಕೊಟ್ಟಿಗೆಯ ಕಡೆಗೂ ಒಂದು ಮಾತು

ಎಮ್ಮೆ, ಕುರಿ, ಮೇಕೆಗಳು ಹಗಲನ್ನು ಅಳೆಯುವುದು ಬೇರೆ ರೀತಿ. ಸಸ್ತನಿಗಳಲ್ಲಿ ಬೆಳಕು ಕಣ್ಣಿನ ಮೂಲಕವೇ ಹೋಗಬೇಕು. ಕತ್ತಲಾದಾಗ ಮಿದುಳಿನಲ್ಲಿರುವ ಪೀನಿಯಲ್ ಗ್ರಂಥಿ ಮೆಲಟೊನಿನ್ ಎಂಬ ಹಾರ್ಮೋನನ್ನು ಸ್ರವಿಸುತ್ತದೆ, ರಾತ್ರಿ ಎಷ್ಟು ಉದ್ದವೋ ಆ ಸ್ರಾವವೂ ಅಷ್ಟು ಉದ್ದ. ದನದ ಪೀನಿಯಲ್ ಗ್ರಂಥಿಗಳಿಂದ ಇದನ್ನು ಅಮೆರಿಕದ ವಿಜ್ಞಾನಿ ಆರನ್ ಲರ್ನರ್ ಬೇರ್ಪಡಿಸಿದ್ದು 1958ರಲ್ಲಿ. ಹಕ್ಕಿಗಳ ಸಂತಾನಕಾಲದಲ್ಲಿ ಮೆಲಟೊನಿನ್ನಿನ ಪಾತ್ರ ಅಷ್ಟು ದೊಡ್ಡದಲ್ಲ, ಆದರೆ ಸಸ್ತನಿಗಳಲ್ಲಿ ಪಿಟ್ಯುಟರಿಯ ಆ ತೆಳುಪದರಕ್ಕೆ ಸುದ್ದಿ ಮುಟ್ಟಿಸುವುದು ಅದೇ. ಅಲ್ಲಿಂದ ಮುಂದೆ ಟಿಎಸ್‌ಎಚ್, ಟಿ3ಗಳ ಹಾದಿ ಕೋಳಿಯದೇ.

ಸ್ಕಾಟ್ಲೆಂಡಿನ ಕುರಿ ಹಗಲು ಕುಗ್ಗುವಾಗ ಬೆದೆಗೆ ಬಂದು, ಐದು ತಿಂಗಳ ಗಬ್ಬ ಮುಗಿಸಿ ವಸಂತದ ಹುಲ್ಲಿಗೆ ಸರಿಯಾಗಿ ಮರಿ ಹಾಕುತ್ತದೆ. ನಮ್ಮ ಬನ್ನೂರು, ಡೆಕ್ಕನಿ ಕುರಿಗಳಲ್ಲಿ ಈ ಕಟ್ಟು ಸಡಿಲ. ಅವುಗಳಿಗೆ ಮಳೆ, ಮೇವು ದೊಡ್ಡ ಮಾತು. ಎಮ್ಮೆ ಮಾತ್ರ ಇಂದಿಗೂ ಹಗಲು ಕುಗ್ಗುವ ಕಾಲದ ಪ್ರಾಣಿ: ಸೆಪ್ಟೆಂಬರಿನಿಂದ ಫೆಬ್ರವರಿಯವರೆಗೆ ಬೆದೆ ಸ್ಪಷ್ಟ, ಬೇಸಿಗೆಯಲ್ಲಿ ಲಕ್ಷಣ ಅಷ್ಟಾಗಿ ಕಾಣದ ಮೂಕಬೆದೆ. ಇದರಲ್ಲಿ ಹಗಲಿನ ಉದ್ದಕ್ಕಿಂತ ಬಿಸಿಲಿನ ತಾಪ, ಹಸಿಮೇವಿನ ಕೊರತೆಗಳ ಪಾಲೂ ಸಣ್ಣದೇನಲ್ಲ, ಆದ್ದರಿಂದ ಎಮ್ಮೆಗೆ ಬಲ್ಬಿನ ಚಿಂತೆ ಬೇಡ. ಏಪ್ರಿಲ್, ಮೇ ತಿಂಗಳಲ್ಲಿ ನೆರಳು ಮಾಡಿ, ಮಧ್ಯಾಹ್ನ ಮೈಗೆ ನೀರು ಹಾಕಿ, ಬೆದೆಯನ್ನು ನಸುಕಿನಲ್ಲೂ ರಾತ್ರಿ ಮಲಗುವ ಮುನ್ನವೂ ಗಮನಿಸಿ. ಬೇಸಿಗೆಯ ಮೂಕಬೆದೆ ಬಹುಮಟ್ಟಿಗೆ ತಂಪು ಹೊತ್ತಿನಲ್ಲೇ ಕಾಣುವುದು.

ಹೊಸ ಮರಿ ಬರುವ ಮುನ್ನ

ಹಳೆಯ ಹಿಂಡನ್ನು ಮಾರಿ, ಶೆಡ್ ತೊಳೆದು, ಸುಣ್ಣ ಬಳಿದು, ಹೊಸ ಹೊಟ್ಟು ಹರಡಿದ ಮೇಲೆ ಎಲ್ಲರೂ ಮರೆಯುವ ಒಂದು ವಸ್ತು ಗೋಡೆಯ ಮೇಲೆ ಉಳಿದಿರುತ್ತದೆ. ಟೈಮರಿನಲ್ಲಿ ಹಳೆಯ ಕೋಳಿಗಳ ನಾಲ್ಕರಿಂದ ಎಂಟರ ಲೆಕ್ಕವೇ ಇರುತ್ತದೆ. ಅದನ್ನು ಹಾಗೆಯೇ ಬಿಟ್ಟು ಮರಿಗಳನ್ನು 16 ಗಂಟೆಯ ಬೆಳಕಿನಲ್ಲೇ ಬೆಳೆಸಿದರೆ, ಹದಿನೆಂಟನೆಯ ವಾರಕ್ಕೆ ಏರಿಸಲು ನಿಮ್ಮ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಮರಿಗಳ ಪೆಟ್ಟಿಗೆ ಗಾಡಿಯಿಂದ ಇಳಿಯುವ ಮೊದಲೇ ಟೈಮರನ್ನು ಅಳಿಸಿ, ನೋಟ್‌ಬುಕ್ಕಿನ ಹೊಸ ಪುಟದಲ್ಲಿ ಮರಿ ಹುಟ್ಟಿದ ದಿನ, ಅವುಗಳಿಗೆ 18 ವಾರ ತುಂಬುವ ದಿನ, ಆ ಎರಡೂ ದಿನಗಳ ಹಗಲಿನ ಉದ್ದ ಇವಿಷ್ಟನ್ನು ಬರೆದು ಶೆಡ್ಡಿನ ಬಾಗಿಲಿಗೆ ಅಂಟಿಸಿ.